ಅಲುಗಾಡದ ಕುರ್ಚಿ

ಕುರ್ಚಿಯಲ್ಲಿ ಕೂರುವುದಕ್ಕೂ ಒಂದು ಪೂರ್ವಪೀಠಿಕೆ ಬೇಕೆಂದರೆ ನೀವು ನಗಬಹುದು. ನಾನಾದರೋ ಎಡಗೈಯನ್ನು ಅದರ ತೋಳಿನ ಮೇಲೆ ಊರಿ, ತುಸು ಒತ್ತಿ, ಅನುಮತಿ ದೊರೆತ ಮೇಲೆಯೇ ದೇಹವನ್ನು ಕಂತುಕಂತಾಗಿ ಇಳಿಸುವವನು. ಗೋರೆಗಾಂವ್‌ನ ನಮ್ಮ ಎರಡು ಕೋಣೆಯ ಸಂಸಾರದಲ್ಲಿ ತೋಳಿರುವ ಕುರ್ಚಿ ಅದೊಂದೇ. ಅದರ ಹಿಂಗಾಲೊಂದು ಬಹುಕಾಲದಿಂದ ಸಡಿಲ. ರಿಪೇರಿ ಮಾಡಿಸುತ್ತೇನೆಂದು ಹೆಂಡತಿಗೆ ಕೊಟ್ಟ ಮಾತು ಮಾತ್ರ ಇನ್ನೂ ಗಟ್ಟಿಯಾಗಿಯೇ ಇತ್ತು.

ನಮ್ಮ ಕನ್ನಡ ಸಂಘದ ನಾಟಕಗಳಿಗೆ ಸಾಮಾನು ಸರಂಜಾಮು ಬರುವುದು ಸದಸ್ಯರ ಮನೆಗಳಿಂದಲೇ. ಹಾಗಾಗಿ ರಂಗದ ಮೇಲೆ ನಾಯಕಿ ಕಣ್ಣೀರಿಡುವಾಗಲೂ ಸಭಿಕರು ಗೋಡೆಯ ಗಡಿಯಾರ ಯಾರದೆಂಬ ಚರ್ಚೆಯಲ್ಲಿ ಮಗ್ನರು. ಈ ಸಲ ನಮ್ಮ ಕುರ್ಚಿಯನ್ನು ಕೇಳಲು ಬಂದವನು ಮಧು. ಧಾರವಾಡದ ಕಡೆಯ ಹುಡುಗ, ಹೆಂಡತಿಗೆ ದೂರದ ಸಂಬಂಧಿ, ಭಾಂಡುಪ್‌ನ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಮೀಸೆ ಆಗತಾನೇ ಕಪ್ಪಾಗುತ್ತಿದ್ದ ಅವನ ಪಾಲಿಗೆ ಬಂದದ್ದು ನಿವೃತ್ತ ತಂದೆಯ ಪಾತ್ರ, ಅವನ ಮೊದಲ ದೊಡ್ಡ ಪಾತ್ರ.

“ಮಾತೆಲ್ಲಾ ಬಾಯಿಪಾಠ ಆಗ್ಯಾವ ಕಾಕಾ, ಕೂಡೂದು ಬರವಲ್ದು. ‘ಲೋಕಲ್ ಟ್ರೇನಿನ್ಯಾಗ ಸೀಟು ಹಿಡಿದಾಂಗ ಕೂಡ್ತೀಯಲ್ಲೋ’ ಅಂತ ಡೈರೆಕ್ಟರು ಬೈತಾರ. ರವಿವಾರದೊಳಗ ಬರದಿದ್ರ ಪಾರ್ಟು ಬ್ಯಾರೇದವರಿಗಂತ.”

“ಅದಕ್ಯಾಕ ಚಿಂತಿ? ನಿಮ್ಮ ಕಾಕಾನ್ನ ನೋಡು,” ಎಂದಳು ಹೆಂಡತಿ ಚಹಾ ತಂದಿಡುತ್ತ. “ಲಗ್ನಾದಾಗಿಂದ ಬರೇ ಕೂತಾರ.”

ಅಂದಿನಿಂದ ಪ್ರತಿ ಸಂಜೆ ಅವನು ನೆಲದ ಮೇಲೆ ಕೂತು ನನ್ನನ್ನು ನೋಡತೊಡಗಿದ. ನೋಡುವ ಕಣ್ಣೊಂದು ಎದುರಿಗೆ ಬಂದೊಡನೆ ಸ್ವಂತ ಕುರ್ಚಿಯಲ್ಲೇ ನಾನು ಪಾತ್ರಧಾರಿಯಾಗಿಬಿಟ್ಟೆ, ಅದೂ ತೀರ ಕಳಪೆಯ ಪಾತ್ರಧಾರಿ. ಮಧು ತಾಳ್ಮೆಯಿಂದ ಕಾದ. ನಾನು ಅವನನ್ನು ಮರೆತು, ಪೇಪರ್ ಹಿಡಿದು ಎಂದಿನಂತೆ ಕೂತ ದಿನ ಅವನಿಗೆ ಬೇಕಾದದ್ದು ಸಿಕ್ಕಿರಬೇಕು. ಆಮೇಲೆ ಅದೇ ಕುರ್ಚಿಯಲ್ಲಿ ತಾನೂ ಕೂತು ಕೂತು ಅಭ್ಯಾಸ ಮಾಡಿದ. ರವಿವಾರ ಡೈರೆಕ್ಟರು ಮನೆಗೇ ಬಂದು ನೋಡಿ ಒಪ್ಪಿದರು.

ನಾಟಕದ ದಿನ ಕುರ್ಚಿ ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ, ಮೀನಿನ ಬುಟ್ಟಿಗಳ ಸತ್ಸಂಗದಲ್ಲಿ, ಮಾಟುಂಗದ ರಂಗಮಂದಿರಕ್ಕೆ ಪಯಣಿಸಿತು. ಸಂಜೆ ನೇಪಥ್ಯಕ್ಕೆ ಇಣುಕಿದರೆ ಬಣ್ಣದಡಿಯೂ ಮಧುವಿನ ಮುಖ ಬಿಳಿಚಿತ್ತು.

“ಘಾತ ಆತು ಕಾಕಾ! ಯಾರೋ ಪುಣ್ಯಾತ್ಮರು ಕಾಲಿಗೆ ಮೊಳಿ ಹೊಡದಾರ. ಕುರ್ಚಿ ಅಳ್ಳಾಡವಲ್ದು!”

“ಈಗೇನು, ಮತ್ತ ಮುರಿಯೂಣೇನು?” ಎಂದು ನಾನು ಕೇಳುವಷ್ಟರಲ್ಲಿ ನಾಟಕ ಶುರುವಾಗುವ ಮೂರನೆಯ ಗಂಟೆ ಬಾರಿಸಿತು.

ನಾನು ಹೆಂಡತಿಯ ಪಕ್ಕ ಬಂದು ಕೂತೆ. ಪರದೆ ಸರಿಯಿತು. ಮಧು ಬಂದ, ಎಡಗೈ ಊರಿದ, ಒತ್ತಿದ, ಕ್ಷಣ ತಡೆದ. ಮೊಳೆಯ ಸಂಗತಿ ಬಲ್ಲ ನಾನೇ ಕುರ್ಚಿ ಎಲ್ಲಿ ಮಗುಚುವುದೋ ಎಂದು ಉಸಿರು ಬಿಗಿಹಿಡಿದೆ. ಗಡಿಯಾರದ ಚರ್ಚೆ ತಾನಾಗಿ ನಿಂತಿತು. ಅವನು ಮೆಲ್ಲಗೆ ಇಳಿದು ಕೂತ ಮೇಲೆ ಹೆಂಡತಿ ನನ್ನತ್ತ ಬಾಗಿ ಪಿಸುಗುಟ್ಟಿದಳು:

“ಅಯ್ಯ, ಇಷ್ಟು ವಯಸ್ಸಾಗೇದೇನ್ರೀ ನಿಮಗ?”

ಆಮೇಲೆ ಬಣ್ಣ ಒರೆಸಿಕೊಳ್ಳುತ್ತ ಮಧು ಹೇಳಿದ: “ಇಷ್ಟು ದಿನ ಕುರ್ಚಿ ಅಳ್ಳಾಡತಿತ್ತು, ನಾ ಸುಮ್ಮನ ಅದು ಹೇಳಿದಾಂಗ ಕೇಳತಿದ್ದೆ. ಇವತ್ತ ನಾನೇ ಅಳ್ಳಾಡಿಸಬೇಕಾತು ಕಾಕಾ. ಪಾರ್ಟು ಮಾಡೂದಂದ್ರ ಇದೇ ಏನೋ.”

ಕುರ್ಚಿ ಈಗ ಮನೆಗೆ ಮರಳಿದೆ, ಬಂಡೆಯಂತಿದೆ. ಹೆಂಡತಿಗೆ ಕೊಟ್ಟ ನನ್ನ ಮಾತನ್ನೂ ಯಾರೋ ಉಳಿಸಿಕೊಟ್ಟಂತಾಯಿತು. ಆದರೂ ಕೂರುವ ಮುನ್ನ ಎಡಗೈ ತಾನಾಗಿ ತೋಳಿಗೆ ಹೋಗುತ್ತದೆ, ಒತ್ತುತ್ತದೆ, ಕಾಯುತ್ತದೆ. ಅಡುಗೆಮನೆಯಿಂದ ಹೆಂಡತಿಯ ದನಿ ಬರುತ್ತದೆ:

“ಮಧೂನ ನಕಲು ಮಾಡಬ್ಯಾಡ್ರಿ. ಅಂವಾ ನಿಮಗಿಂತ ಛಲೋ ಕೂಡ್ತಾನ.”