ರಸ್ತೆ ತಡೆದು ತಂದ ಕೆಸರು

ಮೆಸ್ಕಿತಾಲ್ ಕಣಿವೆಯಲ್ಲಿ ರಾಜಧಾನಿಯಿಂದ ಹರಿದು ಬರುವ ಕೊಳಚೆ ನೀರನ್ನು ಯಾರೂ ಹೊಲಸು ಅನ್ನುವುದಿಲ್ಲ. ಅಜ್ಜಂದಿರ ಕಾಲದಿಂದ ಮೆಕ್ಕೆಜೋಳ ಕುಡಿದು ಬೆಳೆದದ್ದು ಅದನ್ನೇ. ಹಾಗಾಗಿ ಗುಡ್ಡದ ಬುಡದಲ್ಲಿ ಶುದ್ಧೀಕರಣ ಘಟಕ ಬಂದು ಕಾಲುವೆಯಲ್ಲಿ ತಿಳಿನೀರು ಹರಿದಾಗ ಊರಿಗೇನೂ ಖುಷಿಯಾಗಲಿಲ್ಲ. ಪೈರು ಬಿಳಿಚಿಕೊಂಡಿತು. ಸಾರವೆಲ್ಲ ಕೆಸರಾಗಿ ಘಟಕದಲ್ಲೇ ಉಳಿದು, ಲಾರಿ ಹತ್ತಿ ಎಲ್ಲೋ ಗುಂಡಿ ಸೇರುತ್ತಿತ್ತು.

ಆಗ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹೊತ್ತು ಹೋಗಿ ಆ ಲಾರಿಗಳು ದಾಟುವ ಕಾಲುವೆ ಸೇತುವೆಯ ನಟ್ಟನಡುವೆ ಕೂತವಳು ಎವುಸ್ತೋಲಿಯಾ, ಊರವರ ಬಾಯಲ್ಲಿ ದೋನ್ಯಾ ತೋಲಿಯಾ, ಅಂದರೆ ತೋಲಿಯಾ ಅಮ್ಮ. ಹೆಂಗಸರು ಅವಳ ಹಿಂದೆ ತಮ್ಮ ಕುರ್ಚಿಗಳನ್ನು ತಂದು ಹಾಕಿದರು. ಪೊಲೀಸರು ಲಾಠಿ ಬೀಸಿ ಎಳೆದಾಡಿದಾಗ ಅವಳದೊಂದು ಹಲ್ಲು ಅಲ್ಲೇ ಬಿತ್ತು. ಕೊನೆಗೆ ಘಟಕದವರೇ ಸೋತು, ಒಣಗಿದ ಕೆಸರನ್ನು ಊರಿಗೆ ಪುಕ್ಕಟೆ ಸುರಿಯಲು ಒಪ್ಪಿದರು. ಜೋಳ ಮತ್ತೆ ಆಳೆತ್ತರ ದಾಟಿತು. ಬಸುರಿಯರಿಗೆ ಮಣ್ಣಿನ ಬಯಕೆಯಾದರೆ ತೋಲಿಯಾಳ ಹೊಲದ ಕರಿ ಹೆಂಟೆಯೇ ಬೇಕೆನ್ನುವಷ್ಟು ಅವಳ ಕೈಗೆ ಹೆಸರು ಬಂತು. ರೊಟ್ಟಿಯ ಹೆಂಚಿನ ಮೇಲೆ ಹುರಿದು, ಚಿವುಟಿ ಚಿವುಟಿ ತಿನ್ನುತ್ತಿದ್ದರು.

ಈ ವರ್ಷ ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಹೊಲಗಳ ಮಣ್ಣು ಒಯ್ದು ಪರೀಕ್ಷೆ ಮಾಡಿಸಿ, ಊರ ಸಭೆಗೆ ಬಂದಳು. ಕೆಸರಿನಲ್ಲಿ ಸೀಸ ಇದೆ, ಕ್ಯಾಡ್ಮಿಯಂ ಇದೆ. ಬ್ಯಾಟರಿ ಅಂಗಡಿ, ಲೋಹದ ಕಾರ್ಖಾನೆಗಳ ಚರಂಡಿಯಿಂದ ಬಂದದ್ದು. ಘಟಕ ಕ್ರಿಮಿಗಳನ್ನು ಕೊಲ್ಲುತ್ತದೆ, ಲೋಹವನ್ನು ಕೊಲ್ಲಲಾಗುವುದಿಲ್ಲ. ಕಾಳಿಗೆ ಇಳಿಯುವುದು ಕಡಿಮೆ, ಸೊಪ್ಪಿಗೆ ಹೆಚ್ಚು. ಮಣ್ಣಂತೂ ಯಾರ ಬಾಯಿಗೂ ಹೋಗಬಾರದು. ಅವಳು ಅಂದದ್ದು ಇಷ್ಟು. ಎಲ್ಲರೂ ತೋಲಿಯಾಳ ಮುಖ ನೋಡಿದರು.

ತೋಲಿಯಾ ನಕ್ಕಳು. ತನ್ನ ಹಲ್ಲು ಉದುರಿಸಿದ್ದು ಸೀಸವಲ್ಲ, ಪೊಲೀಸರ ಲಾಠಿ ಅಂದಳು. ಕೆಸರು ತಿಂದು ಸತ್ತ ಒಬ್ಬನನ್ನು ತೋರಿಸು ಅಂದಳು. ಸಭೆಯೂ ನಕ್ಕಿತು. ಅಧ್ಯಕ್ಷ ಫೌಸ್ತಿನೊ ಶನಿವಾರದ ಕೆಸರಿನ ಲಾರಿಗೆ ಒಪ್ಪಿಗೆ ಕೊಟ್ಟ. ಸೋತ ಹೋರಾಟವನ್ನು ಯಾರು ಬೇಕಾದರೂ ಕೈಬಿಡುತ್ತಾರೆ. ಗೆದ್ದದ್ದನ್ನು ಬಿಡುವಾಗ ಮೈಯ ಚರ್ಮವೇ ಕಿತ್ತು ಬಂದ ಹಾಗಾಗುತ್ತದೆ.

ತೋಲಿಯಾ ಮನೆಗೆ ಬಂದರೆ ಐದು ತಿಂಗಳ ಬಸುರಿ ಸೊಸೆ ಯೆಸೇನಿಯಾ ಒಲೆಯ ಮುಂದೆ ಕೂತಿದ್ದಳು. ತುಟಿಯ ಅಂಚಿನಲ್ಲಿ ಕರಿ ಮಣ್ಣು.

"ಅತ್ತೆ, ನಿಮ್ಮ ಹೆಂಟೆ ಮುಗೀತು. ನಾಳೆ ಇನ್ನೊಂದು ತನ್ನಿ, ದೊಡ್ಡದು."

ಎಲ್ಲಕ್ಕಿಂತ ಎತ್ತರದ ಜೋಳದ ಬುಡದಿಂದ, ಆರಿಸಿ, ತೋಲಿಯಾಳೇ ತಂದುಕೊಟ್ಟ ಹೆಂಟೆ ಅದು.

"ಉಗುಳು," ಅಂದಳು.

"ಯಾಕೆ?"

"ಉಗುಳೇ ಅಂದೆ. ಅದ್ರಲ್ಲಿ ಸೀಸ ಇದೆಯಂತೆ."

ಯೆಸೇನಿಯಾ ಉಗುಳಿದಳು. ಬಾಯಿ ಮುಕ್ಕಳಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಸಭೇಲಿ ಏನೂ ಇಲ್ಲ ಅಂದು ನಗಿಸಿದ್ರಂತಲ್ಲ? ಊರಿಗೆಲ್ಲ ಇಲ್ದೇ ಇರೋದು ನನ್ನ ಹೊಟ್ಟೆಗೆ ಮಾತ್ರ ಇದೆಯಾ?"

ತೋಲಿಯಾ ಹೆಂಚನ್ನು ಇಳಿಸಿ, ಹಿತ್ತಲಿಗೆ ಒಯ್ದು, ಬೂದಿ ಹಾಕಿ ಉಜ್ಜಿದಳು. ತೊಳೆದ ಹೆಂಚನ್ನೇ ಮತ್ತೆ ಮತ್ತೆ ತೊಳೆದಳು.

ಶನಿವಾರ ಲಾರಿ ಬಂದಾಗ ಸೇತುವೆಯ ನಡುವೆ ಅದೇ ಕುರ್ಚಿ, ಅದೇ ಹೆಂಗಸು. ಫೌಸ್ತಿನೊ ಓಡಿ ಬಂದ.

"ಏನವ್ವ ತೋಲಿಯಾ, ತರ್ಸೋಳೂ ನೀನೇ, ತಡೆಯೋಳೂ ನೀನೇ? ಮೊನ್ನೆ ನಗಾಡ್ದೋಳು ಯಾರು, ನಿನ್ನ ತಂಗೀನಾ?"

"ನಾನೇ. ತಪ್ಪು ಮಾತಾಡ್ದೆ."

"ಸರಿ, ಜೋಳಕ್ಕೆ ಏನು ಹಾಕೋಣ? ನಿನ್ನ ಪಶ್ಚಾತ್ತಾಪಾನಾ?"

"ಅದು ನಂಗೂ ಗೊತ್ತಿಲ್ಲ."

ಚಾಲಕ ಎಂಜಿನ್ ಆರಿಸಿ, ಲಾರಿಯ ನೆರಳಲ್ಲಿ ಕಾಲು ಚಾಚಿದ. ಕಾಲುವೆ ದಡದಲ್ಲಿ ಜನ ಸೇರಿದರು. ಯಾರೂ ಹತ್ತಿರ ಬರಲಿಲ್ಲ. ಕೆಲವರು ಅವಳಿಗೆ ಘಟಕದವರು ಏನೋ ಕೊಟ್ಟಿರಬೇಕು ಅಂತಲೂ ಆಡಿಕೊಂಡರು.

ಬಿಸಿಲು ಏರಿದ ಮೇಲೆ ಪಕ್ಕದ ಮನೆಯ ಕ್ರೆಸೆನ್ಸಿಯಾ ಬಂದು ಎದುರಿಗೆ ನಿಂತಳು. ಅವಳ ಮಗಳಿಗೂ ಬಸುರಿನಲ್ಲಿ ಮಣ್ಣಿನ ಬಯಕೆಯಾಗಿತ್ತು. ಆ ಮಗು ಈಗ ತೆವಳುತ್ತಿತ್ತು.

"ನನ್ನ ಮಗಳಿಗೆ ಕೊಟ್ಯಲ್ಲ, ಆ ಹೆಂಟೇನೂ ಇದೇ ಹೊಲದ್ದಾ?"

"ಹೌದು."

ಕ್ರೆಸೆನ್ಸಿಯಾ ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಕುರ್ಚಿ ಹೊತ್ತುಕೊಂಡು ಬಂದಳು. ತೋಲಿಯಾಳಿಂದ ದೂರಕ್ಕೆ, ಸೇತುವೆಯ ಆ ಅಂಚಿಗೆ ಹಾಕಿ, ಅವಳಿಗೆ ಬೆನ್ನು ತಿರುಗಿಸಿ ಕೂತಳು.

ಎರಡು ಕುರ್ಚಿಗಳ ನಡುವೆ ಲಾರಿ ನುಗ್ಗುವಷ್ಟು ಜಾಗ ಇರಲಿಲ್ಲ.