ಹೊಳೆಮರಳಿನ ಹುಲುಗಮ್ಮ ಬಂದೂಕು ಹಿಡಿದ ದಿನ

ಬಳ್ಳಾರಿ ಗುಡ್ಡದ ಬಂಡೆಗಳ ಮೇಲೆ ಇನ್ನೂ ಬಿಸಿಲು ಬಿದ್ದಿಲ್ಲ. ಗುಂಡು ಹೊಡೆದು ಕಲಿಯುವ ಬಯಲಿಗೆ ಊರವರು ಚಾಂದಮಾರಿ ಎನ್ನುತ್ತಾರೆ. ಅಲ್ಲಿ ಗೋಣಿತಟ್ಟಿನ ಮೇಲೆ ಕುಳಿತು ಹುಲುಗಮ್ಮ ಹೊಸ ಬಂದೂಕಿನ ಜಿಡ್ಡು ಒರೆಸುತ್ತಿದ್ದಾರೆ. ಪೆಟ್ಟಿಗೆಯಿಂದ ಅದು ಹೊರಬಂದದ್ದು ಈಗಷ್ಟೇ. ಸೆರಗು ನಡುವಿಗೆ ಬಿಗಿದಿದೆ. ಬಳೆಯಿಲ್ಲದ ಕೈಗಳಿಗೆ ಮೊಣಕೈವರೆಗೆ ಎಣ್ಣೆ ಹತ್ತಿದೆ. ಬಯಲಿನ ಅಂಚಿನಲ್ಲಿ ನಿಂತು ನಗುತ್ತಿರುವ ಗಂಡಸರತ್ತ ಅವರು ಒಮ್ಮೆಯೂ ತಿರುಗುವುದಿಲ್ಲ.

ಹುಲುಗಮ್ಮ ಸಿರುಗುಪ್ಪ ತಾಲೂಕಿನ ಕೆಂಚನಗುಡ್ಡದವರು. ಬೇಸಿಗೆಯಲ್ಲಿ ತುಂಗಭದ್ರೆ ಇಳಿದಾಗ ಹೊಳೆಯ ಮರಳಿನಲ್ಲಿ ಕಲ್ಲಂಗಡಿ, ಕರಬೂಜದ ಬಳ್ಳಿ ಹಬ್ಬಿಸುತ್ತಾರಲ್ಲ, ಅದರ ಕಾವಲು ಅವರ ಕೆಲಸ. ಬೆಳಗಾದರೆ ಕಾಗೆ, ಬಿಸಿಲೇರಿದರೆ ದನ, ಕತ್ತಲಾದರೆ ನರಿ. ಜೊಂಡಿನ ಗುಡಿಸಲೊಂದು, ಬಡಿಯಲು ತಗಡಿನ ಡಬ್ಬವೊಂದು, ಕೈಗೊಂದು ಕೋಲು. ಸುಡುವ ಮರಳಿನಲ್ಲಿ ಓಡಾಡಿ ಅಂಗಾಲುಗಳು ಚಕ್ಕಡಿ ಗಾಲಿಯ ಕಬ್ಬಿಣದ ಪಟ್ಟೆಯಂತೆ ಗಟ್ಟಿಯಾಗಿವೆ. ಬಳ್ಳಾರಿ ಬಜಾರಿನಲ್ಲಿ ಹಣ್ಣು ಕೊಯ್ದು ತಿನ್ನುವವರಾರಿಗೂ ಅವರ ಗುರುತಿಲ್ಲ.

ಹೋದ ವರ್ಷದವರೆಗೆ ಗಂಡ ಮಾರೆಣ್ಣ ಜೊತೆಗಿದ್ದರು. ಒಂದು ದಿನ ಹುಚ್ಚು ಹಿಡಿದ ನರಿ ಹಾಡುಹಗಲೇ ಗುಡಿಸಲಿಗೆ ನುಗ್ಗಿತು. ಮಾರೆಣ್ಣ ಬಡಿದ ಕೋಲು ಮುರಿಯಿತು, ನರಿ ಮೀನಖಂಡಕ್ಕೆ ಬಾಯಿ ಹಾಕಿತು. ಸಣ್ಣ ಗಾಯವೆಂದು ಸೊಪ್ಪು ಕಟ್ಟಿಕೊಂಡರು. ಗಾಯ ಮಾಗಿತು. ಆಮೇಲೊಂದು ಬೆಳಿಗ್ಗೆ ನೀರಿನ ತಂಬಿಗೆ ಕಂಡು ಬೆದರಿದರು. ಬಳ್ಳಾರಿಯ ದವಾಖಾನೆಗೆ ಗಾಡಿ ಕಟ್ಟುವ ಹೊತ್ತಿಗೆ ಕಾಲ ಮೀರಿತ್ತು.

“ಹೊಳಿ ದಂಡಿ ಮ್ಯಾಲ ಬಾಳೇವು ಮಾಡಿದಾಂವ, ನೀರು ಕಂಡ್ರ ಚೀರತಿದ್ದ,” ಎನ್ನುತ್ತಾರೆ ಹುಲುಗಮ್ಮ. ಅಷ್ಟು ಹೇಳಿ ಬೇರೆ ಬಟ್ಟೆ ತೆಗೆದುಕೊಂಡು ನಳಿಗೆ ಒರೆಸುತ್ತಾರೆ.

ಮಣ್ಣು ಮಾಡಿದ ಮೇಲೆ ಹೊಳೆಗೆ ಹೋಗಬೇಡವೆಂದು ನೆಂಟರೆಲ್ಲ ಹೇಳಿದರು. “ಹೋಗಬ್ಯಾಡ ಅಂದೋರು ರೊಟ್ಟಿ ಕೊಡ್ತೀವಿ ಅನ್ನಲಿಲ್ಲ. ಹೋದೆ,” ಎಂದು ಅವರು ನಗುತ್ತಾರೆ. ಈ ಬೇಸಿಗೆಯಲ್ಲಿ ಮತ್ತೊಂದು ಹುಚ್ಚು ನರಿ ಬಂದು ಆಕಳನ್ನು ಕಚ್ಚಿತು. ಮರುದಿನವೇ ಹುಲುಗಮ್ಮ ಬಳ್ಳಿಗಳ ಒಡೆಯ ಉಜ್ಜಿನಪ್ಪನವರ ಮನೆಕಟ್ಟೆಯ ಮುಂದೆ ಕುಳಿತರು. ಇನ್ನು ಕೋಲು ಸಾಲದು, ಬಂದೂಕು ಕೊಡಿಸಿ ಎಂದರು. ಕೊಡಿಸುವ ತನಕ ಏಳಲಿಲ್ಲ.

ಲೈಸೆನ್ಸು ಉಜ್ಜಿನಪ್ಪನವರ ಹೆಸರಿಗಿದೆ. ಬಂದೂಕು ಹಿಡಿದು ಕಾಯುವವರ ಹೆಸರನ್ನೂ ಅದರಲ್ಲಿ ಸೇರಿಸಬೇಕು. ಅವರ ಮನಸ್ಸಿನಲ್ಲಿರುವುದು ತಮ್ಮನ ಮಗನ ಹೆಸರು. ಹುಲುಗಮ್ಮ ಬಿಡದೆ ಪಟ್ಟು ಹಿಡಿದಾಗ, ಮೊದಲು ಹೊಡೆದು ತೋರಿಸು ಎಂದು ಬಸ್ಸು ಹತ್ತಿಸಿ ಕರೆತಂದಿದ್ದಾರೆ.

ಕಲಿಸುವವರು ಕುರುಗೋಡಿನ ರಂಗಣ್ಣ, ಮಹಾಯುದ್ಧದಲ್ಲಿ ಬರ್ಮಾದವರೆಗೆ ಹೋಗಿ ಬಂದ ಹವಾಲ್ದಾರರು. ಕಿರುಬೆರಳ ತುದಿಯಷ್ಟು ಸಣ್ಣ ಗುಂಡಿನ ತೋಟಾ ಒಂದನ್ನು ಅಂಗೈಯಲ್ಲಿಟ್ಟು ತೋರಿಸುತ್ತಾರೆ. “ಇದರ ಬುಡದಾಗ ಅಂಚು ಐತಿ ನೋಡು ತಂಗಿ. ಬಂದೂಕದಾಗಿನ ಮೊಳಿ ಬಂದು ಆ ಅಂಚಿಗೇ ಬಡದ್ರ ಸಿಡೀತೈತಿ.”

ತೋಟಾ ತುಂಬುವ ಮ್ಯಾಗಜೀನು ತಗಡಿನ ಪುಟ್ಟ ಗೂಡು, ಒಳಗೊಂದು ಸ್ಪ್ರಿಂಗು. ಐದು ಹಿಡಿಯುತ್ತದೆ. ಹುಲುಗಮ್ಮ ಹೆಬ್ಬೆರಳಿನಿಂದ ಒತ್ತುತ್ತಾರೆ, ಸ್ಪ್ರಿಂಗು ಎದುರೊತ್ತುತ್ತದೆ. ಒಂದು ತೋಟಾ ಜಿಗಿದು ಧೂಳಿಗೆ ಬೀಳುತ್ತದೆ. ಅಂತೂ ತುಂಬಿ, ಬೋರಲು ಮಲಗಿ ಗುರಿ ಹಿಡಿಯುತ್ತಾರೆ. ಎರಡು ಗುಂಡು ಮಣ್ಣಿನ ದಿಬ್ಬಕ್ಕೆ ಬಡಿದು ಧೂಳೆಬ್ಬಿಸುತ್ತವೆ. ಕಾಗದದ ಗುರಿ ಹಾಗೇ ಇದೆ. ಮೂರನೆಯದು ಸಿಕ್ಕಿಕೊಂಡು, ಅದನ್ನು ನಳಿಗೆಗೆ ತಳ್ಳುವ ಬೋಲ್ಟು ಮುಂದಕ್ಕೇ ಹೋಗುವುದಿಲ್ಲ. ಬಯಲಂಚಿನಲ್ಲಿದ್ದ ಗಂಡಸರು ಘೊಳ್ಳೆಂದು ನಗುತ್ತಾರೆ.

ಉಜ್ಜಿನಪ್ಪ ಮುಂದೆ ಬರುತ್ತಾರೆ. “ಸಾಕು ಬಿಡವ್ವ. ನಮ್ಮ ಹುಡುಗ ಕಲೀತಾನ. ನೀ ಡಬ್ಬ ಬಡಕೊಂಡು ಇರು.”

ಹುಲುಗಮ್ಮ ಎದ್ದು ಕೂರುತ್ತಾರೆ. ಮೊಣಕೈ ತರಚಿ ರಕ್ತ ಬಂದಿದೆ. ಬಂದೂಕನ್ನು ಮಾತ್ರ ಕೈಬಿಟ್ಟಿಲ್ಲ.

“ನಿಮ್ಮ ಹುಡುಗ ಮರಳಾಗ ಮಲಗಾಕ ಬರ್ತಾನೇನ್ರಿ ಸಾವ್ಕಾರ್ರ?”

“ಅಂವ ಯಾಕ ಮಲಗಬೇಕು? ನರಿ ಬಂದಾಗ ಹೇಳಿ ಕಳಸು, ಬರ್ತಾನ.”

“ನರಿ ಅಂವ ಬರೋತನಕ ಕುಂತಿರತೈತೇನು? ನನ್ನ ಗಂಡನ ಹತ್ರ ಕುಂತಿತ್ತೇನು? ಹೆಸರು ಬರಸೋದಿದ್ರ ನಂದು ಬರಸ್ರಿ. ಇಲ್ಲಾಂದ್ರ ಇವತ್ತಿನಿಂದ ಕಾಯಾಕೂ ನಿಮ್ಮ ಹುಡುಗನ್ನೇ ಕಳಸ್ರಿ. ನಾ ಒಬ್ಬಾಕೀನೇ ಅಲ್ಲ, ಹೊಳ್ಯಾಗ ಕಾಯೋರು ಯಾರೂ ಇಳಿಯಂಗಿಲ್ಲ.”

ಬಳ್ಳಿಯಲ್ಲಿ ಕಾಯಿ ಬಲಿಯುತ್ತಿರುವ ಹೊತ್ತು ಇದು, ಕಾವಲಿಲ್ಲದಿದ್ದರೆ ಬೆಳೆ ಹೋದಂತೆ. ಉಜ್ಜಿನಪ್ಪ ಮೀಸೆ ತಿರುವಿ ರಂಗಣ್ಣನವರ ಕಡೆ ನೋಡುತ್ತಾರೆ. ರಂಗಣ್ಣ ಸಿಕ್ಕ ತೋಟಾ ಬಿಡಿಸಿ ಹೇಳುವುದು ಇಷ್ಟೇ: “ಮ್ಯಾಲಿನದರ ಅಂಚು ಕೆಳಗಿನದರ ಅಂಚಿನ ಮುಂದ ಬರಬೇಕು ತಂಗಿ. ಹಿಂದಾತಂದ್ರ ಸಿಗಿಬೀಳತೈತಿ. ಬರ್ಮಾದಾಗ ನನ್ನ ಕೈಯಾಗೂ ಸಿಗಿಬಿದ್ದಾವು. ಇನ್ನೊಮ್ಮೆ ತುಂಬು.”

ಹುಲುಗಮ್ಮ ಎರಡನೆಯ ಮ್ಯಾಗಜೀನು ಎತ್ತಿಕೊಳ್ಳುತ್ತಾರೆ. ಈ ಸಲ ಅವಸರವಿಲ್ಲ. ಪ್ರತಿ ತೋಟಾದ ಬುಡವನ್ನೂ ಉಗುರಿನಿಂದ ಮುಟ್ಟಿ ನೋಡಿ ಕೂರಿಸುತ್ತಾರೆ. ಮೊದಲ ಗುಂಡು ಮತ್ತೆ ಮಣ್ಣಿಗೆ. ಎರಡನೆಯದು ಕಾಗದದ ಮೂಲೆ ಹರಿಯುತ್ತದೆ. ಉಳಿದವುಗಳಲ್ಲಿ ಒಂದು ನಡುವಿನ ಕಪ್ಪು ಬೊಟ್ಟಿನ ಪಕ್ಕದಲ್ಲೇ ತೂತು ಮಾಡುತ್ತದೆ. ಯಾರೂ ನಗುವುದಿಲ್ಲ.

“ಕೈ ನಡುಗಲಿಲ್ಲ. ಇನ್ನೊಂದೆರಡು ಸಲ ಬರಲಿ, ಈಕಿ ಹೆಸರು ನಾ ಒಪ್ಪತೀನಿ,” ಎನ್ನುತ್ತಾರೆ ರಂಗಣ್ಣ.

“ಆತು, ಬರಸೋಣಂತ,” ಎಂದು ಉಜ್ಜಿನಪ್ಪ ರುಮಾಲು ಸರಿಮಾಡಿಕೊಂಡು ಲೈಸೆನ್ಸು ಕೊಡುವ ಕಛೇರಿಯ ದಾರಿ ಹಿಡಿಯುತ್ತಾರೆ. ಹುಲುಗಮ್ಮ ಅವರ ಹಿಂದೆ ಹೋಗುವುದಿಲ್ಲ, ಪಕ್ಕದಲ್ಲೇ ನಡೆಯುತ್ತಾರೆ.

ಇದನ್ನೆಲ್ಲ ಬರೆದುಕೊಳ್ಳುತ್ತ ಜೊತೆಗೆ ಬಂದ ನಾನು ಕಛೇರಿಯ ಮೆಟ್ಟಿಲ ಬಳಿ ಕೇಳುತ್ತೇನೆ: ಇನ್ನು ನರಿಗಳನ್ನೆಲ್ಲ ಹೊಡೆಯುತ್ತೀರಾ?

“ಯಾಕ್ ಹೊಡೀಲಿ? ಒಳ್ಳೇ ನರಿ ಬಂದ್ರ ಒಂದು ಹಣ್ಣು ತಿಂದು ಹೋಗತೈತಿ, ಡಬ್ಬ ಬಡದ್ರ ಓಡತೈತಿ. ಒಂದೂ ಗುಂಡು ಹೊಡೀದಂಗ ಈ ಬ್ಯಾಸಗಿ ಕಳದ್ರ ನನಗ ಅಷ್ಟ ಸಾಕು,” ಎಂದು ಅವರು ಸೆರಗು ಸರಿಮಾಡಿಕೊಳ್ಳುತ್ತಾರೆ. “ಆದ್ರ ಹುಚ್ಚು ನರಿ ಬಂತಂದ್ರ, ಯಾರನ್ನೂ ಕರ್ಯಾಕ ಹೋಗಂಗಿಲ್ಲ ನಾ.”