ನಾರ್ವೆಯ ಮಕ್ಕಳ ಊಟದ ಹೊತ್ತು

ಮೂಡುಬಿದಿರೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ಬೇರೆ ದೇಶಗಳ ಪುಸ್ತಕ ಓದಿಸುವ ಹುರುಪು ನನಗೆ. ಆರನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ಪ್ರತಿವಾರ ಪುಸ್ತಕವನ್ನು ಓದದೆಯೇ ಹಿಂದಿರುಗಿಸುತ್ತಿದ್ದಳು. ಅವಳಿಗೆ ಓದು ಹಿಡಿಸುವುದು ನನ್ನಿಂದಾಗದೇನೋ ಎಂಬ ಅಳುಕಿತ್ತು. ಕೊನೆಯ ಪ್ರಯತ್ನವೆಂದು ನಾರ್ವೆಯ ಉತ್ತರ ತುದಿಯ ಮಕ್ಕಳ ಬದುಕಿನ ಪುಸ್ತಕ ಕೊಟ್ಟೆ.

ಮುಂದಿನ ವಾರ ಬರಿಗೈಯಲ್ಲಿ ಬಂದಳು.

"ಪುಸ್ತಕ ಎಲ್ಲಿ?"

"ಅಜ್ಜಿ ಕೊಡುದಿಲ್ಲ ಟೀಚರ್. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ಮುಳುಗುದಿಲ್ಲ, ಚಳಿಗಾಲದಲ್ಲಿ ಬರುದೇ ಇಲ್ಲ ಅಂತ ಓದಿ ಹೇಳಿದೆ. ಹಾಗಾದ್ರೆ ಆ ಮಕ್ಕಳು ಚಳಿಗಾಲದಲ್ಲಿ ಊಟ ಮಾಡುದು ಯಾವಾಗ ಅಂತ ಅವರಿಗೆ ಚಿಂತೆ."

ಅವರದು ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ.

"ಗಡಿಯಾರ ನೋಡಿ ಉಣ್ಣುತ್ತಾರೆ ಅಂತ ಹೇಳು."

"ಹೇಳಿದೆ. ಗಡಿಯಾರಕ್ಕೆ ಎಂತ ಗೊತ್ತುಂಟು, ನೀನು ಪೂರ್ತಿ ಓದು ಅಂದ್ರು. ಇನ್ನೊಂದು ವಾರ ಇಟ್ಟುಕೊಳ್ಬಹುದಾ?"

ಗಡಿಯಾರದ ಮಾತು ಅಜ್ಜಿಯದೇ ಹೌದೋ, ಹಲವರಿಗೆ ಹೇಳಿ ಹೇಳಿ ನಾನೇ ಹೊಳಪು ಕೊಟ್ಟದ್ದೋ, ಈಗ ಖಚಿತವಿಲ್ಲ. ಅವಳು ಪುಸ್ತಕ ಬೇಕೆಂದು ಕೇಳಿದ್ದು ಅದೇ ಮೊದಲು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ. ಒಂದೇ ವಾರ ಎಂಬ ನಿಯಮ ಮಾಡಿದವಳು ನಾನೇ. "ಅಜ್ಜಿಗೆ ಸಮಾಧಾನ ಆಗುವವರೆಗೆ ಇರಲಿ" ಎಂದೆ.

ಅವಳು ಹೋಗಲಿಲ್ಲ. "ಇಂಥ ಊರು ಬೇರೆ ಯಾವ ದೇಶದಲ್ಲಿ ಉಂಟು ಟೀಚರ್?"

"ನನಗೂ ಸರಿಯಾಗಿ ಗೊತ್ತಿಲ್ಲ. ಬಾ, ಹುಡುಕುವ" ಎಂದು ಕಪಾಟು ತೆರೆದೆ.